ಮದರಾಸು ಸರ್ಕಾರ ನೆಟ್ಟ ತೆಂಗು

ಹಡಗಲಿ ತಾಲ್ಲೂಕಿನ ನಮ್ಮ ಹೊಳಲಿಗೂ ಅರಬ್ಬಿ ಸಮುದ್ರದ ಅಂಚಿನ ಕಾಸರಗೋಡಿಗೂ ಏನು ಸಂಬಂಧ ಎಂದು ಯಾರಾದರೂ ಕೇಳಬಹುದು. ಒಂದು ಎರೆ ಮತ್ತು ಮಸಾರಿ ನೆಲದ ಊರು, ಮಳೆ ಬಂದರೆ ಜೋಳ, ಬಾರದಿದ್ದರೆ ಗುಳೆ. ಇನ್ನೊಂದು ಮುಂಗಾರು ತಿಂಗಳುಗಟ್ಟಲೆ ಬಿಡದೆ ಸುರಿಯುವ ಕರಾವಳಿ. ಆದರೂ ಸುಮಾರು ಒಂದೂವರೆ ಶತಮಾನ ಈ ಎರಡೂ ಊರುಗಳು ಒಂದೇ ಮದರಾಸು ಸರ್ಕಾರಕ್ಕೆ ಕಂದಾಯ ಕಟ್ಟಿದವು. ಟಿಪ್ಪು ಬಿದ್ದ 1799ರಲ್ಲಿ ಕಾಸರಗೋಡು ಸೇರಿದ ಕೆನರಾ ಸೀಮೆ ಈಸ್ಟ್ ಇಂಡಿಯಾ ಕಂಪನಿಯ ಕೈಸೇರಿತು. ಮರುವರ್ಷ ನಿಜಾಮ ಬಳ್ಳಾರಿ ಸೀಮೆಯನ್ನು ಬಿಟ್ಟುಕೊಟ್ಟ. ಎರಡಕ್ಕೂ ಮೊದಲ ಕಲೆಕ್ಟರನಾಗಿ ಬಂದವನು ಒಬ್ಬನೇ, ಥಾಮಸ್ ಮನ್ರೋ. ಕೆನರಾದ ಜಮೀನು ಲೆಕ್ಕ ಹಿಡಿಯುವ ಕೆಲಸ ಶುರುಮಾಡಿ, ಅಲ್ಲಿಂದ ಬಳ್ಳಾರಿಗೆ ಬಂದು 1807ರವರೆಗೆ ಇಲ್ಲಿನ ಹೊಲಗಳನ್ನು ಅಳೆಸಿದ.

ಆ ಸರ್ಕಾರ ಕರಾವಳಿಯಲ್ಲಿ ತೆಂಗಿಗಾಗಿ ಮಾಡಿದ ಕೆಲಸದ ಕತೆ ನಮ್ಮ ಬಯಲುಸೀಮೆಯಲ್ಲಿ ಹೆಚ್ಚು ಜನಕ್ಕೆ ಗೊತ್ತಿಲ್ಲ. ಇವತ್ತು ಕೂಡ್ಲಿಗಿ, ಹರಪನಹಳ್ಳಿ, ಹಡಗಲಿಯ ಕಡೆ ಕೊಳವೆಬಾವಿ ನಂಬಿ ತೆಂಗು ಇಡುವವರು ಇದ್ದಾರೆ. ಅವರು ತರುವ ಸಸಿಯ ಹಿಂದೆ ನೂರು ವರ್ಷಕ್ಕೂ ಹೆಚ್ಚಿನ ಈ ಕತೆ ಇದೆ. ಅದನ್ನು ತಿಳಿಯಬೇಕಾದ್ದು ಅವರೇ ಎಂಬ ಕಾರಣಕ್ಕೆ ಬರೆಯುತ್ತಿದ್ದೇನೆ.

ಮೊದಲ ನೂರು ವರ್ಷ ಮದರಾಸು ಸರ್ಕಾರ ತೆಂಗಿನ ಮರವನ್ನು ನೋಡಿದ್ದು ತೆರಿಗೆಯ ಕಣ್ಣಿನಿಂದ. ತೋಟದ ಜಮೀನಿಗೆ ಬಾಗಾಯ್ತು ಎಂದು ಬೇರೆ ದರದ ಕಂದಾಯ. ಮರದಿಂದ ಶೇಂದಿ ಇಳಿಸಿದರೆ 1886ರ ಅಬ್ಕಾರಿ ಕಾಯಿದೆಯ ಹಿಡಿತ, ಜೊತೆಗೆ ಮರಕ್ಕಿಷ್ಟು ಎಂಬ ತೆರಿಗೆ. ಕರಾವಳಿಯ ರೈತ ತೆಂಗಿನ ಬುಡಕ್ಕೆ ಉಪ್ಪು ಹಾಕುತ್ತಿದ್ದ. ಆ ಉಪ್ಪಿನ ಮೇಲೂ ಸರ್ಕಾರದ ಸುಂಕ ಇತ್ತು. ಮರ ಬೆಳೆಸುವುದು ಹೇಗೆ, ಇಳುವರಿ ಹೆಚ್ಚಿಸುವುದು ಹೇಗೆ ಎಂಬ ಪ್ರಶ್ನೆ ಆಗಿನ ಕಚೇರಿಗಳಿಗೆ ಸಂಬಂಧಪಟ್ಟದ್ದೇ ಆಗಿರಲಿಲ್ಲ.

ಈ ಧೋರಣೆಯನ್ನು ಅಲುಗಾಡಿಸಿದ್ದು ಬರ. 1876ರಿಂದ 78ರವರೆಗಿನ ಮಹಾ ಕ್ಷಾಮದಲ್ಲಿ ಬಳ್ಳಾರಿ ಜಿಲ್ಲೆ ಕಂಡ ಸಾವುಗಳು ಸರ್ಕಾರದ ದಾಖಲೆಗಳಲ್ಲೇ ಇವೆ. ಕ್ಷಾಮದ ವಿಚಾರಣೆಗೆ ಆಯೋಗ ಕೂತಿತು, ಬೇಸಾಯಕ್ಕೆ ಪ್ರತ್ಯೇಕ ಇಲಾಖೆ ಬೇಕು ಎಂದಿತು. 1883ರಲ್ಲಿ ಭೂಸುಧಾರಣೆ ಸಾಲದ ಕಾಯಿದೆ, 1884ರಲ್ಲಿ ರೈತರ ಸಾಲದ ಕಾಯಿದೆ ಬಂದವು. ಬಾವಿ ತೋಡಲು, ಎತ್ತು ಕೊಳ್ಳಲು, ಬೀಜಕ್ಕೆ ಸರ್ಕಾರ ಕೊಡುತ್ತಿದ್ದ ಈ ಸಾಲವನ್ನೇ ನಮ್ಮ ಹಿರಿಯರು ತಗಾವಿ ಅನ್ನುತ್ತಿದ್ದರು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಮದರಾಸಿನ ಕೃಷಿ ಇಲಾಖೆಗೆ ನಿಜವಾದ ಕೈಕಾಲು ಬಂತು. ಸೈದಾಪೇಟೆಯ ಹಳೆಯ ಕೃಷಿ ಶಾಲೆಯ ಬದಲಿಗೆ ಕೊಯಮತ್ತೂರಿನಲ್ಲಿ ಕಾಲೇಜು ಎದ್ದಿತು. ಬಳ್ಳಾರಿ ಹತ್ತಿರ ಹಗರಿಯಲ್ಲಿ 1906ರಲ್ಲಿ ಎರೆ ನೆಲಕ್ಕೆಂದೇ ಒಂದು ಪ್ರಯೋಗ ಕ್ಷೇತ್ರ ತೆರೆದರು. ಹತ್ತು ವರ್ಷದ ನಂತರ, 1916ರಲ್ಲಿ, ಅದೇ ಇಲಾಖೆ ದಕ್ಷಿಣ ಕೆನರಾ ಜಿಲ್ಲೆಯ ಕಾಸರಗೋಡು ತಾಲ್ಲೂಕಿನಲ್ಲಿ ತೆಂಗಿಗಾಗಿ ಜಮೀನು ಹಿಡಿಯಿತು.

1916 ಎಂದರೆ ಮೊದಲ ಮಹಾಯುದ್ಧದ ನಡುಗಾಲ. ಅದಕ್ಕೆ ಒಂಬತ್ತು ವರ್ಷ ಮೊದಲು, 1907ರಲ್ಲಿ, ರೈಲು ಮಂಗಳೂರಿನವರೆಗೆ ಬಂದಿತ್ತು. ದಾರಿಯ ಊರಾದ ಕಾಸರಗೋಡಿನ ಕಾಯಿ, ಕೊಬ್ಬರಿ, ಕತ್ತದ ಹಗ್ಗ ಗಾಡಿ ಹತ್ತತೊಡಗಿದ್ದವು. ಯುರೋಪಿನ ಕಾರ್ಖಾನೆಗಳಿಗೆ ಸಾಬೂನಿಗೆ, ಕೃತಕ ಬೆಣ್ಣೆಗೆ ತೆಂಗಿನೆಣ್ಣೆ ಬೇಕಿತ್ತು. ಮಲಬಾರಿನ ಕೊಬ್ಬರಿಗೆ ಯುದ್ಧಕ್ಕೆ ಮೊದಲು ಜರ್ಮನಿ ದೊಡ್ಡ ಗಿರಾಕಿ. ಯುದ್ಧ ಶುರುವಾದ ಕೂಡಲೇ ಆ ಬಾಗಿಲು ಮುಚ್ಚಿತು, ಕೊಬ್ಬರಿಯ ಪೇಟೆ ಅಲ್ಲೋಲಕಲ್ಲೋಲವಾಯಿತು. ರೋಗದ ಭಯವೂ ಆಗಲೇ ಇತ್ತು. ಗೋದಾವರಿ ಮುಖಜ ಭೂಮಿಯಲ್ಲಿ ತೆಂಗು ತಾಳೆಗಳ ಸುಳಿ ಕೊಳೆತು ಮರಗಳು ಸಾಲುಸಾಲಾಗಿ ಸಾಯುತ್ತಿದ್ದವು. ಸರ್ಕಾರದ ಶಿಲೀಂಧ್ರ ತಜ್ಞ ಇ.ಜೆ. ಬಟ್ಲರ್ 1906ರ ಸುಮಾರಿಗೆ ಅದರ ಹಿಂದಿನ ಶಿಲೀಂಧ್ರವನ್ನು ಗುರುತಿಸಿದ್ದರು. ತಿರುವಾಂಕೂರಿನ ಕಡೆ ಬೇರು ಸೊರಗುವ ಇನ್ನೊಂದು ರೋಗ ಹರಡುತ್ತಿತ್ತು, ಬಟ್ಲರ್ ಅದನ್ನೂ ಹೋಗಿ ನೋಡಿದ್ದರು. ತೆಂಗು ದೇವರು ಕೊಟ್ಟ ಮರ, ಅದರ ಪಾಡಿಗೆ ಅದು ಕಾಯಿ ಕೊಡುತ್ತದೆ ಎಂದು ಕೂರುವ ಕಾಲ ಮುಗಿದಿತ್ತು.

ಕಾಸರಗೋಡು, ನೀಲೇಶ್ವರ, ಪಿಲಿಕೋಡುಗಳಲ್ಲಿ ಇಲಾಖೆ ಹಿಡಿದ ಜಾಗಗಳು ಒಂದೇ ಬಗೆಯ ನೆಲವಲ್ಲ. ಒಂದೆಡೆ ಕೆಂಪು ಮರಳುಗೋಡು, ಒಂದೆಡೆ ಮುರಕಲ್ಲಿನ ಗುಡ್ಡೆ, ಇನ್ನೊಂದೆಡೆ ಕಡಲಂಚಿನ ಬರೀ ಮರಳು. ಕರಾವಳಿಯ ತೆಂಗು ನಿಂತಿರುವುದು ಈ ಮೂರು ನೆಲಗಳಲ್ಲೇ ಆದ್ದರಿಂದ ಒಂದರಲ್ಲಿ ಕಂಡ ಪಾಠ ಇನ್ನೊಂದಕ್ಕೆ ಸಲ್ಲುವುದೋ ಇಲ್ಲವೋ ಎಂದು ಅಲ್ಲೇ ಪರೀಕ್ಷಿಸಬಹುದಿತ್ತು. ಬರೀ ತೆಂಗಿಗಾಗಿ ಸರ್ಕಾರ ನಡೆಸಿದ ಸಂಶೋಧನಾ ಕೇಂದ್ರಗಳಲ್ಲಿ ಇವು ಜಗತ್ತಿಗೇ ಮೊದಲಿನವು. ತೆಂಗಿನ ತೋಟಗಳಿಗೆ ಹೆಸರಾದ ಸಿಂಹಳದಲ್ಲಿ ಇಂಥ ಕೇಂದ್ರ ಲುಣುವಿಲದಲ್ಲಿ ಕೆಲಸ ಶುರುಮಾಡಿದ್ದು 1929ರಲ್ಲಿ. ಮದರಾಸಿನ ಕೃಷಿ ಇಲಾಖೆಯಲ್ಲಿ ದುಡಿದ ಎಚ್.ಸಿ. ಸ್ಯಾಂಪ್ಸನ್ ಈ ಕರಾವಳಿಯ ಅನುಭವದಿಂದಲೇ ತೆಂಗಿನ ಬೇಸಾಯದ ಮೇಲೆ ದೊಡ್ಡ ಪುಸ್ತಕ ಬರೆದು 1923ರಲ್ಲಿ ಲಂಡನ್ನಿನಲ್ಲಿ ಅಚ್ಚು ಹಾಕಿಸಿದರು.

ಅಧಿಕಾರಿಗಳು ಬರುವ ಮೊದಲೂ ಕರಾವಳಿಯ ರೈತನಿಗೆ ತೆಂಗು ಗೊತ್ತಿತ್ತು. 1801ರ ಜನವರಿಯಲ್ಲಿ ಫ್ರಾನ್ಸಿಸ್ ಬುಕಾನನ್ ಮಲಬಾರಿನಿಂದ ನೀಲೇಶ್ವರ, ಬೇಕಲದ ದಾರಿಯಲ್ಲಿ ಮಂಗಳೂರಿಗೆ ಹೋಗುವಾಗಲೇ ಕಡಲುದ್ದಕ್ಕೂ ತೋಟಗಳಿದ್ದವು. ಗುಂಡಿಗೆ ಬೂದಿ, ಉಪ್ಪು, ಮೀನಿನ ಗೊಬ್ಬರ, ಜಮೀನಿಗೆ ತಾಗಿದ ಸರ್ಕಾರಿ ಕುಮ್ಕಿ ಗುಡ್ಡೆಯಿಂದ ಕಡಿದು ತಂದ ಸೊಪ್ಪು ಹಾಕುವುದು ಅಲ್ಲಿನ ಹಳೆಯ ಪದ್ಧತಿ. ತೆಂಗಿಗೆ ಪೊಟ್ಯಾಷ್ ಎಷ್ಟು ಮುಖ್ಯ ಎಂದು ಮುಂದೆ ಪ್ರಯೋಗಗಳು ತೋರಿಸಿದಾಗ ಬೂದಿ ಹಾಕುತ್ತಿದ್ದವರ ಲೆಕ್ಕಾಚಾರ ಸರಿಯಾಗಿಯೇ ಇತ್ತು ಎಂದಾಯಿತು. ಬೀಜದ ಕಾಯಿಗೂ ಅವರು ಕೈಗೆ ಸಿಕ್ಕ ಮರ ಹತ್ತುತ್ತಿರಲಿಲ್ಲ. ವರ್ಷವರ್ಷವೂ ತಪ್ಪದೆ ಗೊನೆ ಬಿಡುವ, ನಡುವಯಸ್ಸಿನ ಮರವನ್ನು ಹುಡುಕುತ್ತಿದ್ದರು.

ಹಾಗಿದ್ದೂ ಒಳ್ಳೆಯ ಮರದ ಕಾಯಿಯಿಂದ ಎದ್ದ ಸಸಿ ಎಷ್ಟೋ ಸಲ ಕೈಕೊಡುತ್ತಿತ್ತು. ಅದು ಕೈಕೊಟ್ಟಿತೆಂದು ತಿಳಿಯುವ ಹೊತ್ತಿಗೆ ರೈತನ ಏಳೆಂಟು ವರ್ಷ ಕಳೆದಿರುತ್ತಿತ್ತು. ಕಾರಣ ಹೊಂಬಾಳೆಯಲ್ಲೇ ಇದೆ. ಎತ್ತರದ ನಾಡತೆಂಗಿನಲ್ಲಿ ಹೊಂಬಾಳೆ ಬಿರಿದ ಕೂಡಲೇ ಗಂಡು ಹೂಗಳು ಅರಳಲು ಶುರುವಾಗುತ್ತವೆ, ಸುಮಾರು ಮೂರು ವಾರದಲ್ಲಿ ಉದುರಿ ಮುಗಿಯುತ್ತವೆ. ಹೆಣ್ಣು ಹೂ ಪರಾಗಕ್ಕೆ ಬಾಯಿ ತೆರೆಯುವುದು ಆಮೇಲೆ. ಹಾಗಾಗಿ ಪರಾಗ ಬರಬೇಕಾದ್ದು ಹೆಚ್ಚಾಗಿ ಬೇರೆ ಮರದಿಂದ, ಗಾಳಿಯಲ್ಲೋ ಜೇನಿನ ಕಾಲಿನಲ್ಲೋ. ತಾಯಿಯನ್ನು ರೈತ ಆರಿಸಬಲ್ಲ, ತಂದೆ ಯಾವುದೆಂದು ಅವನಿಗೆ ತಿಳಿಯದು. ಗಿಡ್ಡ ತಳಿಗಳಲ್ಲಿ ಗಂಡು ಹೆಣ್ಣುಗಳ ಕಾಲ ಒಂದರ ಮೇಲೊಂದು ಬೀಳುವುದರಿಂದ ಅವು ಬಹುಮಟ್ಟಿಗೆ ತಮ್ಮದೇ ಪರಾಗದಿಂದ ಕಾಯಿ ಕಚ್ಚುತ್ತವೆ.

ಇಂಥ ಮರದ ಗುಟ್ಟು ಬಿಡಿಸಲು ಬೇಕಾದ್ದು ಕಾಲ. ಜೋಳವಾದರೆ ಒಂದು ಪ್ರಯೋಗದ ಫಲ ನಾಲ್ಕು ತಿಂಗಳಲ್ಲಿ ಕಣಕ್ಕೆ ಬರುತ್ತದೆ. ತೆಂಗಿನಲ್ಲಿ ಒಂದು ಪ್ರಶ್ನೆಗೆ ಉತ್ತರ ಸಿಗುವಷ್ಟರಲ್ಲಿ ಅಧಿಕಾರಿಗೆ ಎರಡು ವರ್ಗಾವಣೆ ಆಗಿರುತ್ತದೆ. ಸಾಲ ಮಾಡಿ ಬದುಕುವ ರೈತನಾಗಲಿ, ಈ ವರ್ಷದ ಲಾಭ ನೋಡುವ ವ್ಯಾಪಾರಿಯಾಗಲಿ ಅಷ್ಟು ಕಾಯಲಾರ. ಮದರಾಸು ಸರ್ಕಾರ ಕಾಸರಗೋಡಿನಲ್ಲಿ ಕೊಟ್ಟ ನಿಜವಾದ ನೆರವು ಈ ಕಾಯುವಿಕೆಯೇ ಎಂದು ನನಗನ್ನಿಸುತ್ತದೆ. ಒಂದೊಂದು ಮರದ ಲೆಕ್ಕವನ್ನೂ ಬೇರೆಬೇರೆಯಾಗಿ ಇಟ್ಟು, ಕೊಯ್ಲು ಕೊಯ್ಲಿಗೂ ಕಾಯಿ ಎಣಿಸಿ ಬರೆದರು. ಯಾವ ಮರ ಒಂದು ವರ್ಷ ಸುರಿದು ಮರುವರ್ಷ ಸುಮ್ಮನಾಗುತ್ತದೆ, ಯಾವುದು ಎಲ್ಲ ವರ್ಷವೂ ಒಂದೇ ಸಮ ಕೊಡುತ್ತದೆ, ಬುಡ ದಪ್ಪವಿದ್ದು ಬೇಗ ಮೊಳೆತ ಸಸಿ ಮುಂದೆ ಹೇಗೆ ಫಲಿಸುತ್ತದೆ ಎಂಬುದೆಲ್ಲ ಈ ಲೆಕ್ಕದಿಂದ ಹೊರಬಂತು.

ಈ ಕೆಲಸಕ್ಕೆ ರೂಪ ಕೊಟ್ಟವರಲ್ಲಿ ದೊಡ್ಡ ಹೆಸರು ಜೆ.ಎಸ್. ಪಟೇಲ್ ಅವರದು. ಮದರಾಸು ಕೃಷಿ ಇಲಾಖೆಯಲ್ಲಿ ಎಣ್ಣೆಬೀಜಗಳ ತಜ್ಞರಾಗಿದ್ದವರು. 1938ರಲ್ಲಿ ಮದರಾಸಿನ ಸರ್ಕಾರಿ ಮುದ್ರಣಾಲಯದಿಂದ ಬಂದ ಅವರ ತೆಂಗಿನ ಗ್ರಂಥವನ್ನು ತೆಂಗಿನ ವಿಜ್ಞಾನಿಗಳು ಇಂದಿಗೂ ಉಲ್ಲೇಖಿಸುತ್ತಾರೆ. ಅದರಲ್ಲಿನ ಒಂದು ಸಂಗತಿ ನಮ್ಮಂಥ ಬರದ ಸೀಮೆಯವರಿಗೆ ತುಂಬ ಬೇಕಾದದ್ದು. ಇವತ್ತು ಬಿರಿದ ಹೊಂಬಾಳೆಯ ಮೊದಲ ಕುರುಹು ಸುಳಿಯೊಳಗೆ ಮೂಡಿದ್ದು ಸುಮಾರು 32 ತಿಂಗಳ ಹಿಂದೆ. ಬಿರಿದ ಮೇಲೆ ಕಾಯಿ ಬಲಿಯಲು ಇನ್ನೂ ಹನ್ನೊಂದು, ಹನ್ನೆರಡು ತಿಂಗಳು. ಅಂದರೆ ಈ ಬೇಸಿಗೆಯಲ್ಲಿ ಮರ ಒಣಗಿ ನಿಂತರೆ ಪೆಟ್ಟು ಈ ವರ್ಷದ ಗೊನೆಗೆ ಮಾತ್ರ ಬೀಳುವುದಿಲ್ಲ. ಒಳಗೆ ಆಗತಾನೆ ರೂಪುಗೊಳ್ಳುತ್ತಿರುವ ಗೊನೆಗೂ ಬೀಳುತ್ತದೆ, ಅದು ಹೊರಗೆ ಕಾಣುವುದು ಎರಡು ಮೂರು ವರ್ಷ ಬಿಟ್ಟು. ಆಗ ಮಳೆ ಚೆನ್ನಾಗಿಯೇ ಬಂದಿರಬಹುದು. ಮಳೆ ಬಂದರೂ ಕಾಯಿ ಯಾಕೆ ಕಡಿಮೆ ಎಂದು ತಲೆ ಕೆಡಿಸಿಕೊಳ್ಳುವ ರೈತನಿಗೆ ಉತ್ತರ ಇಲ್ಲಿದೆ.

1932ರಲ್ಲಿ ಪಟೇಲ್ ನೀಲೇಶ್ವರದ ಕ್ಷೇತ್ರದಲ್ಲಿ ಮಾಡಿದ ಕೆಲಸ ತೆಂಗಿನ ಚರಿತ್ರೆಯನ್ನೇ ಬದಲಿಸಿತು. ಪಶ್ಚಿಮ ಕರಾವಳಿಯ ಎತ್ತರದ ಮರವನ್ನು ತಾಯಿಯಾಗಿಟ್ಟು, ಚಾವಕ್ಕಾಡಿನ ಹಸಿರು ಗಿಡ್ಡ ತಳಿಯ ಪರಾಗ ತಂದು ಕೂಡಿಸಿದರು. ಇಂಥ ಕೂಡಿಕೆ ನಡೆಯುವುದು ಮರದ ತುದಿಯಲ್ಲಿ. ಆಳು ಮರ ಹತ್ತಿ, ಮಡಲುಗಳ ನಡುವೆ ಕಾಲೂರಿ, ಆಗಷ್ಟೇ ಬಿರಿದ ಹೊಂಬಾಳೆಯ ಎಳೆ ಎಳೆಯನ್ನೂ ಹಿಡಿದು ಗಂಡು ಹೂಗಳನ್ನು ಕಿತ್ತು ಹಾಕಬೇಕು. ಒಂದು ಹೊಂಬಾಳೆಯಲ್ಲಿ ಅವು ಸಾವಿರಗಟ್ಟಲೆ. ಹೆಣ್ಣು ಹೂ ಎಳೆಗಳ ಬುಡದಲ್ಲಿ ಗುಂಡಿಯಂತೆ ಕೂತಿರುತ್ತವೆ, ಅವಕ್ಕೆ ಕೈ ತಾಗಬಾರದು. ಬಳಿಕ ಇಡೀ ಹೊಂಬಾಳೆಗೆ ಬಟ್ಟೆಯ ಚೀಲ ಕಟ್ಟುವುದು. ಹೆಣ್ಣು ಹೂ ಒಂದೊಂದಾಗಿ ತುದಿ ಬಿಚ್ಚಿ ಜಿನುಗತೊಡಗಿದ ದಿನಗಳಲ್ಲಿ ಮತ್ತೆ ಮತ್ತೆ ಹತ್ತಿ, ಚೀಲ ಬಿಚ್ಚಿ, ಗಿಡ್ಡ ಮರದ ಪರಾಗ ಉದುರಿಸಿ, ಮತ್ತೆ ಕಟ್ಟಬೇಕು. ಇಷ್ಟಾದರೂ ಮಿಡಿ ಉದುರದೆ ಉಳಿಯುವುದು ಕೆಲವೇ. ಉಳಿದದ್ದು ಬಲಿಯಲು ಒಂದು ವರ್ಷ, ಮಡಿಯಲ್ಲಿ ಸಸಿಯಾಗಲು ಇನ್ನೊಂದು ವರ್ಷ, ನೆಟ್ಟು ಕಾಯುವುದು ಆಮೇಲಿನ ಮಾತು.

ಆ ಸಸಿಗಳು ನಾಡತೆಂಗಿಗಿಂತ ಮೊದಲೇ ಹೊಂಬಾಳೆ ಹೊಡೆದವು, ಹೆಚ್ಚು ಕಾಯಿ ಬಿಟ್ಟವು. ಎರಡು ತಳಿ ಕೂಡಿದಾಗ ಹುಟ್ಟುವ ಕಸುವು ತೆಂಗಿನಲ್ಲೂ ಉಂಟು ಎಂದು ಜಗತ್ತಿಗೆ ಮೊದಲು ತೋರಿಸಿದ್ದು ನೀಲೇಶ್ವರದ ಈ ಮರಗಳೇ. ಮುಂದೆ ಫಿಲಿಪ್ಪೀನ್ಸ್, ಐವರಿ ಕೋಸ್ಟ್, ಇಂಡೊನೇಷ್ಯಗಳಲ್ಲಿ ನಡೆದ ಸಂಕರ ತೆಂಗಿನ ಕೆಲಸಗಳಿಗೆಲ್ಲ ದಾರಿ ತೆರೆದದ್ದು ಆಗಿನ ದಕ್ಷಿಣ ಕೆನರಾ ಜಿಲ್ಲೆಯಲ್ಲಿ. ಅದಕ್ಕೂ ಮೊದಲು, 1924ರಿಂದಲೇ, ಕಾಸರಗೋಡಿಗೆ ಫಿಲಿಪ್ಪೀನ್ಸ್, ಮಲಯ, ಫಿಜಿ, ಸಿಂಹಳಗಳ ಬೀಜದ ಕಾಯಿ ತರಿಸಿ ನೆಡುವ ಕೆಲಸ ಶುರುವಾಗಿತ್ತು.

ಹುಳರೋಗದ ಕಡೆಯೂ ಸರ್ಕಾರ ಕೈಹಾಕಿತು, ಇಲ್ಲಿ ಅದರ ದಂಡವೂ ಜೊತೆಗಿತ್ತು. 1919ರ ಮದರಾಸು ಕೃಷಿ ಕೀಟ ಮತ್ತು ರೋಗಗಳ ಕಾಯಿದೆಯಂತೆ ಒಂದು ಪ್ರದೇಶವನ್ನು ಪೀಡಿತ ಎಂದು ಸಾರಿದರೆ ಜಮೀನಿನವನೇ ಹುಳವನ್ನೋ ರೋಗದ ಮರವನ್ನೋ ನಾಶ ಮಾಡಬೇಕು. ಮಾಡದಿದ್ದರೆ ಅಧಿಕಾರಿಗಳೇ ಬಂದು ಮಾಡಿಸಿ ಖರ್ಚು ವಸೂಲು ಮಾಡುವರು. ಕರಾವಳಿಯವರು ಕುರುವಾಯಿ ಅನ್ನುವ ಕೊಂಬಿನ ದುಂಬಿ ಸುಳಿ ಕೊರೆದು ತಿನ್ನುತ್ತದೆ, ಅದರ ಮರಿ ಬೆಳೆಯುವುದು ತಿಪ್ಪೆಗುಂಡಿಯಲ್ಲಿ, ಕೊಳೆತ ತೆಂಗಿನ ಕಾಂಡದಲ್ಲಿ. ಒಬ್ಬ ರೈತ ತನ್ನ ತೋಟ ಎಷ್ಟೇ ಚೊಕ್ಕಟ ಇಟ್ಟರೂ ನೆರೆಯವನ ತಿಪ್ಪೆಯಿಂದ ದುಂಬಿ ಹಾರಿ ಬರುತ್ತದೆ. ಇಂಥಲ್ಲಿ ಊರಿಗೆ ಊರೇ ಒಟ್ಟಿಗೆ ಕೆಲಸ ಮಾಡದೆ ಗತಿಯಿಲ್ಲ. ಕಾಯಿದೆಯ ಬಲವಂತ ರೈತರಿಗೆ ಇಷ್ಟವಾಗಿರಲಾರದು, ಆದರೂ ಅದರ ಹಿಂದಿನ ತರ್ಕ ಸರಿ ಎಂದೇ ನನ್ನ ಭಾವನೆ.

ಮರಕ್ಕೆ ಇಷ್ಟು ಮಾಡಿದ ಸರ್ಕಾರ ಮರದ ಕೆಳಗಿನ ಮನುಷ್ಯನಿಗೆ ಏನು ಮಾಡಿತು? ಇಲ್ಲಿ ಲೆಕ್ಕ ಬರಿದಾಗುತ್ತದೆ. ದಕ್ಷಿಣ ಕೆನರಾದಲ್ಲಿ ಮೂಲಗೇಣಿಯವನಿಗೆ ನೆಲದ ಮೇಲೆ ಶಾಶ್ವತ ಹಕ್ಕಿತ್ತು. ಚಾಲಗೇಣಿಯವನು ಒಡೆಯ ಬಿಡು ಎಂದರೆ ಬಿಡಬೇಕಾದವನು. ಎಂಟು ವರ್ಷ ಬಿಟ್ಟು ಫಲ ಕೊಡುವ ಸಸಿಯನ್ನು ಅವನು ಯಾವ ಧೈರ್ಯದ ಮೇಲೆ ನೆಡಬೇಕು? ಪಕ್ಕದ ಮಲಬಾರಿನಲ್ಲಿ ಒಕ್ಕಲನ್ನು ಎಬ್ಬಿಸುವಾಗ ಅವನು ನೆಟ್ಟ ಮರಗಳಿಗೆ ಪರಿಹಾರ ಕೊಡಬೇಕೆಂದು 1887ರಲ್ಲೇ ಕಾಯಿದೆ ಆಗಿತ್ತು, 1900ರಲ್ಲಿ ಅದನ್ನು ತಿದ್ದಿ ಬಿಗಿ ಮಾಡಿದ್ದರು. ಉತ್ತಮ ಸಸಿಯಷ್ಟೇ ಈ ಭರವಸೆಯೂ ತೆಂಗಿನ ಬೇಸಾಯಕ್ಕೆ ಬೇಕಾದ ನೆರವು ಎಂಬುದನ್ನು ಮದರಾಸಿನವರು ಬಲ್ಲವರೇ ಆಗಿದ್ದರು.

ಬೆಲೆಯ ವಿಷಯದಲ್ಲೂ ಹಾಗೆಯೇ. 1929ರ ಬಳಿಕ ಜಗತ್ತಿನ ಪೇಟೆಗಳು ಕುಸಿದಾಗ ಕೊಬ್ಬರಿಯ ಧಾರಣೆಯೂ ನೆಲ ಕಚ್ಚಿತು. ಅದೇ ಹೊತ್ತಿಗೆ ಸಿಂಹಳದ ಕೊಬ್ಬರಿ, ಎಣ್ಣೆ ಅಗ್ಗದ ದರದಲ್ಲಿ ಭಾರತಕ್ಕೆ ಇಳಿಯುತ್ತಿತ್ತು. ಅದರ ಮೇಲೆ ಸುಂಕ ಹಾಕಿ ಎಂದು ಪಶ್ಚಿಮ ಕರಾವಳಿಯ ಬೆಳೆಗಾರರು ವರ್ಷಗಟ್ಟಲೆ ಕೇಳಿಕೊಂಡರು. ಸಿಂಹಳವೂ ಬ್ರಿಟಿಷರದೇ ವಸಾಹತು. ಒಂದು ವಸಾಹತಿನ ತೋಟದ ಒಡೆಯರ ಹಿತ ಇನ್ನೊಂದರ ಸಣ್ಣ ಬೆಳೆಗಾರನ ಕಣ್ಣೀರಿಗೆ ಎದುರಾಗಿ ನಿಂತಿತ್ತು. ನೀಲೇಶ್ವರದಲ್ಲಿ ಸಂಕರದ ಮರಗಳು ಬೆಳೆಯುತ್ತಿದ್ದ ವರ್ಷಗಳಲ್ಲೇ ಅದರ ಸುತ್ತಲಿನ ರೈತನಿಗೆ ತಾನು ಬೆಳೆದ ಕಾಯಿಗೆ ಬೆಲೆ ಇರಲಿಲ್ಲ. ವಸಾಹತು ಆಡಳಿತದ ಕೃಷಿ ಸುಧಾರಣೆಯನ್ನು ಹೊಗಳುವವರೆಲ್ಲ ಈ ಎರಡನ್ನೂ ಒಟ್ಟಿಗೆ ನೋಡಬೇಕು.

1944ರಲ್ಲಿ ದೆಹಲಿಯ ಶಾಸನಸಭೆ ತೆಂಗು ಸಮಿತಿಯ ಕಾಯಿದೆ ಮಾಡಿತು. ಮರುವರ್ಷ ಭಾರತೀಯ ಕೇಂದ್ರ ತೆಂಗು ಸಮಿತಿ ಎರ್ನಾಕುಲಂನಲ್ಲಿ ಕಚೇರಿ ತೆರೆಯಿತು. ಗಿರಣಿಗಳು ಅರೆಯುವ ಕೊಬ್ಬರಿಯ ಮೇಲೆ ಸೆಸ್ ಎತ್ತಿ, ಆ ಹಣವನ್ನು ಸಂಶೋಧನೆಗೆ, ಸಸಿಗೆ, ಮಾರುಕಟ್ಟೆಯ ಸುಧಾರಣೆಗೆ ಬಳಸುವ ಏರ್ಪಾಡು ಅದು. ಬೆಳೆಯಿಂದಲೇ ಎತ್ತಿದ ಹಣ, ಬೆಳೆಗಾರರ ಪ್ರತಿನಿಧಿಗಳೂ ಕೂರುವ ಸಭೆ. 1948ರಲ್ಲಿ ಕಾಸರಗೋಡಿನ ಕೇಂದ್ರವನ್ನು ಈ ಸಮಿತಿ ವಹಿಸಿಕೊಂಡಿತು. ಸಮಿತಿಯ ಆಸರೆಯಲ್ಲಿ ಮೆನನ್ ಮತ್ತು ಪಂಡಾಲೆ ಬರೆದ ತೆಂಗಿನ ಬೃಹದ್ಗ್ರಂಥ 1958ರಲ್ಲಿ ಹೊರಬಂತು.

ಆ ಹೊತ್ತಿಗೆ ಗಡಿಗಳು ಬದಲಾಗಿದ್ದವು. 1953ರ ಅಕ್ಟೋಬರ್ 1ರಂದು ಹೊಳಲು ಇದ್ದ ಹಡಗಲಿ ತಾಲ್ಲೂಕು ಬಳ್ಳಾರಿಯೊಡನೆ ಮೈಸೂರು ರಾಜ್ಯಕ್ಕೆ ಬಂತು. 1956ರ ನವೆಂಬರ್ 1ರಂದು ದಕ್ಷಿಣ ಕೆನರಾದ ಉಳಿದ ಭಾಗ ಮೈಸೂರಿಗೆ ಸೇರಿದರೆ ಕಾಸರಗೋಡು ತಾಲ್ಲೂಕು ಕೇರಳಕ್ಕೆ ಹೋಯಿತು. ಮಂಜೇಶ್ವರದ ಗೋವಿಂದ ಪೈಗಳ ಊರು, ಕಯ್ಯಾರ ಕಿಞ್ಞಣ್ಣ ರೈಗಳ ಊರು ಗಡಿಯಾಚೆ ಉಳಿದ ನೋವನ್ನು ಕನ್ನಡಿಗರು ಇಂದಿಗೂ ಮಾತಾಡುತ್ತಾರೆ. ಕನ್ನಡ ಜಿಲ್ಲೆಯ ನೆಲದಲ್ಲಿ ನಾಲ್ಕು ದಶಕ ಬೆಳೆದ ತೆಂಗಿನ ವಿದ್ಯೆಯೂ ಅದೇ ದಿನ ಗಡಿಯಾಚೆಯದಾಯಿತು ಎಂಬುದು ಆ ಮಾತುಗಳಲ್ಲಿ ಕೇಳಿಬರುವುದು ಅಪರೂಪ. ಅದೇ 1956ರಲ್ಲಿ ಅಡಿಕೆಗೆಂದು ವಿಟ್ಲದಲ್ಲಿ ಕೇಂದ್ರ ಶುರುವಾಯಿತು. 1970ರಲ್ಲಿ ಕಾಸರಗೋಡು, ವಿಟ್ಲ ಮತ್ತು ಕೇರಳದ ಕಾಯಂಕುಳಂ ಕೇಂದ್ರಗಳನ್ನು ಒಂದುಗೂಡಿಸಿ ಕೇಂದ್ರ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ ಕಟ್ಟಿದರು, ಅದರ ಮುಖ್ಯ ಕಚೇರಿ 1916ರ ಆ ಹಳೆಯ ಜಾಗದಲ್ಲೇ ಇದೆ. 1985ರಲ್ಲಿ ಅಲ್ಲಿಂದ ಬಿಡುಗಡೆಯಾದ ಚಂದ್ರಲಕ್ಷ, ಲಕ್ಷದ್ವೀಪದ ತಳಿಯಿಂದ ಆರಿಸಿದ ಚಂದ್ರಕಲ್ಪ ಕರ್ನಾಟಕದ ತೋಟಗಳಿಗೂ ಬಂದವು.

ನೀಲೇಶ್ವರದಲ್ಲಿ ಸಂಕರದ ಕೆಲಸ ನಡೆಯುತ್ತಿದ್ದ ಅವಧಿಯಲ್ಲೇ ಹಗರಿಯಲ್ಲಿ ಬೇರೆ ಪಾಠ ನಡೆದಿತ್ತು. 1930ರ ದಶಕದಲ್ಲಿ ಸೊಲ್ಲಾಪುರ, ಬಿಜಾಪುರ, ರಾಯಚೂರು, ರೋಹ್ಟಕ್‌ಗಳ ಜೊತೆ ಹಗರಿಯಲ್ಲೂ ಒಣ ಬೇಸಾಯದ ಸಂಶೋಧನೆ ಕೈಗೆತ್ತಿಕೊಂಡರು. ಬಿದ್ದ ಮಳೆಯನ್ನು ಬದು ಹಾಕಿ ಹೊಲದಲ್ಲೇ ಹಿಡಿಯುವುದು ಹೇಗೆ, ಎರೆ ನೆಲದ ತೇವ ಬಿತ್ತನೆಯವರೆಗೆ ಉಳಿಸುವುದು ಹೇಗೆ ಎಂಬುದು ಅಲ್ಲಿನ ಪ್ರಶ್ನೆ. ಒಂದೇ ಇಲಾಖೆಯ ಕೆಳಗೆ ಒಂದು ಕ್ಷೇತ್ರ ನೀರಿನ ಕೊರತೆಯನ್ನೂ ಇನ್ನೊಂದು ತೆಂಗಿನ ಒಳಗುಟ್ಟನ್ನೂ ಓದುತ್ತಿದ್ದವು. ಆಗ ನಮ್ಮ ತಾಲ್ಲೂಕಿನಲ್ಲಿ ಇವೆರಡನ್ನೂ ಜೋಡಿಸುವ ಅಗತ್ಯ ಯಾರಿಗೂ ಕಂಡಿರಲಾರದು. ಈಗ ಕೊಳವೆಬಾವಿ ಬತ್ತುವ ನೆಲದಲ್ಲಿ ತೆಂಗು ನಿಂತಿರುವಾಗ ಅದು ದಿನದಿನದ ಅಗತ್ಯ. ಪಟೇಲರು ಬರೆದ 32 ತಿಂಗಳ ಲೆಕ್ಕ ಮತ್ತು ಹಗರಿಯ ಬದುವಿನ ಲೆಕ್ಕ ಒಂದೇ ತೋಟಕ್ಕೆ ಬೇಕಾಗಿವೆ.

ಆ ಹಳೆಯ ಕ್ಷೇತ್ರಗಳು ಈಗ ಬೇರೆ ಬೇರೆ ಮನೆಗಳಿಗೆ ಸೇರಿವೆ. ಕಾಸರಗೋಡಿನದು ಕೇಂದ್ರ ಸರ್ಕಾರದ ಸಂಸ್ಥೆಯಲ್ಲಿದೆ, ಪಿಲಿಕೋಡಿನದು ಕೇರಳ ಕೃಷಿ ವಿಶ್ವವಿದ್ಯಾಲಯದಲ್ಲಿ, ಹಗರಿಯದು ರಾಯಚೂರು ಕೃಷಿ ವಿಶ್ವವಿದ್ಯಾಲಯದಲ್ಲಿ. ದಕ್ಷಿಣ ಏಷ್ಯಾದ ದೇಶಗಳ ತೆಂಗಿನ ತಳಿಗಳನ್ನು ಕಾಪಿಡುವ ಅಂತರರಾಷ್ಟ್ರೀಯ ಸಂಗ್ರಹ ಮಾತ್ರ ಕರ್ನಾಟಕದಲ್ಲೇ ಇದೆ, ದಕ್ಷಿಣ ಕನ್ನಡದ ಕಿದುವಿನಲ್ಲಿ. ಸಂಕರ ತೆಂಗಿನ ಕಾಯಿಗಾಗಿ ಇಂದೂ 1932ರಂತೆಯೇ ಮರ ಹತ್ತಿ ಒಂದೊಂದು ಹೊಂಬಾಳೆಯ ಗಂಡು ಹೂ ಕೀಳಬೇಕು. ಅದಕ್ಕೇ ಒಳ್ಳೆಯ ಸಸಿ ಕೇಳಿದಷ್ಟು ಸಿಗುವುದಿಲ್ಲ. ಬಳ್ಳಾರಿ, ವಿಜಯನಗರ ಜಿಲ್ಲೆಗಳ ಒಣ ನೆಲಕ್ಕೆ ಹೊಂದುವ ತಳಿ ಯಾವುದು ಎಂಬುದನ್ನು ಹಗರಿಯಂಥ ನೆಲದಲ್ಲಿ ಕಿದುವಿನ ಮರಗಳ ಕಾಯಿ ನೆಟ್ಟು ನೋಡಬೇಕು. ಆ ಕೆಲಸಕ್ಕೆ ಹದಿನೈದು ಇಪ್ಪತ್ತು ವರ್ಷ ಹಿಡಿಯುತ್ತದೆ, ಅಷ್ಟು ವರ್ಷದ ಖರ್ಚನ್ನು ಸರ್ಕಾರವೇ ಹೊರಬೇಕು.